ಲೆಟ್ರಿನ್ ಬೀರಕ್ಕ

ಬೀರಕ್ಕ ಲೀಡರ್ ಆಗಿದ್ದು ಉಚ್ಚೆಯಿಂದ. ಇದನ್ನು ಅವಳೇ ಹೇಳಿಕೊಂಡು ನಗುತ್ತಿದ್ದಳು. ಬೇರೆಯವರು ಜೈಲಿಗೆ ಹೋಗಿ ಲೀಡರ್ ಆಗುತ್ತಾರೆ, ಲಾಠಿ ಏಟು ತಿಂದು ಆಗುತ್ತಾರೆ, ಅಪ್ಪ ಲೀಡರ್ ಆಗಿದ್ದರೆ ಕೂತಲ್ಲೇ ಆಗುತ್ತಾರೆ. ಅವಳು ಆಗಿದ್ದು ಮಾತ್ರ ಉಚ್ಚೆ ತಡೆದುಕೊಳ್ಳಲಾರದೆ.

ಹಿಂದೂಪುರದ ಗೋವಿಂದಪ್ಪನ ಮನೆಯ ಮಗ್ಗಗಳಿಗೆ ಹಾಸು, ಅಂದರೆ ಸೀರೆಯ ಉದ್ದಕ್ಕೆ ಓಡುವ ಎಳೆಗಳನ್ನು, ಜೋಡಿಸುವುದು ಅವಳ ಕೆಲಸ. ಒಂದು ಹಾಸು ನೇಯ್ದು ಮುಗಿಯುವ ಹೊತ್ತಿಗೆ ಅದರ ತುದಿಗೆ ಹೊಸ ಹಾಸನ್ನು ಸೇರಿಸಬೇಕು. ನಾಲ್ಕು ಸಾವಿರಕ್ಕೂ ಮೇಲೆ ರೇಷ್ಮೆ ಎಳೆ. ಹಳೆಯದರ ಒಂದೆಳೆ, ಹೊಸದರ ಒಂದೆಳೆ ಹಿಡಿದು ಬೂದಿ ಮುಟ್ಟಿದ ಬೆರಳಲ್ಲಿ ಹೊಸೆಯಬೇಕು. ಬೆಳಿಗ್ಗೆ ಎಂಟಕ್ಕೆ ಮಗ್ಗದ ಹಿಂದೆ ಕಾಲು ಮಡಚಿ ಕೂತವಳು ಏಳುವುದು ಸಂಜೆ ಐದಕ್ಕೆ. ಬೆನ್ನು ಅಷ್ಟು ಹೊತ್ತಿಗೆ ತನ್ನದಲ್ಲ. ಹೆಬ್ಬೆರಳಿನ ಚರ್ಮ ಸುಲಿದು ಮತ್ತೆ ಬೆಳೆದು ಮತ್ತೆ ಸುಲಿದು, ಈಗ ಅವಳ ಬೆರಳ ಗುರುತು ಯಾವ ಮೆಷಿನ್ನಿಗೂ ಹತ್ತುವುದಿಲ್ಲ. ರೇಷನ್ ಅಂಗಡಿಯವನು ಪ್ರತಿ ತಿಂಗಳೂ ಬೈಯುತ್ತಾನೆ.

ನಡುವೆ ಏಳಬಾರದು. ಎದ್ದರೆ ಹಾಸು ಸಡಿಲವಾಗುತ್ತದೆ, ಎಳೆ ತಪ್ಪುತ್ತದೆ ಎಂದು ಸಾವುಕಾರರು ಹೇಳುತ್ತಾರೆ. ಅದು ಅರ್ಧ ನಿಜ. ಉಳಿದರ್ಧ ಏನೆಂದರೆ, ಎದ್ದರೂ ಹೋಗಲು ಜಾಗವಿಲ್ಲ. ಗೋವಿಂದಪ್ಪನ ಮನೆಯಲ್ಲಿ ಮೂರು ಲೆಟ್ರಿನ್ ಇದ್ದವು. ಹಾಸು ಜೋಡಿಸುವ ಹೆಂಗಸರಿಗೆ ಮೂರರಲ್ಲಿ ಒಂದೂ ಇರಲಿಲ್ಲ. ನೇಯುವ ಗಂಡಸರು ಹಿತ್ತಲ ಗೋಡೆಗೆ ಹೋಗಿ ನಿಲ್ಲುತ್ತಿದ್ದರು. ಹೆಂಗಸರಿಗೆ ಗೋಡೆಯಿಂದ ಏನು ಉಪಯೋಗ? ಮೊದಲು ಪಕ್ಕದಲ್ಲಿ ಜಾಲಿ ಬೆಳೆದ ಖಾಲಿ ಸೈಟಿತ್ತು. ಅಲ್ಲಿ ಕಲ್ಯಾಣ ಮಂಟಪ ಎದ್ದ ಮೇಲೆ ಅದೂ ಹೋಯಿತು.

ಬೀರಕ್ಕ ಸೆಟ್ಟೂರಿನ ಕಡೆಯವಳು. ಕುರಿ ಹಿಂದೆ ತಿರುಗುತ್ತಾ ಬೆಳೆದವಳು. ಈ ಒಂದು ವಿಷಯದಲ್ಲಿ ತವರಿನಲ್ಲಿ ಮಹಾ ಶ್ರೀಮಂತಿಕೆಯಿತ್ತು, ಇಡೀ ಬಯಲು ಅವಳದೇ. ಹಿಂದೂಪುರಕ್ಕೆ ಮದುವೆಯಾಗಿ ಬಂದ ಮೇಲೆ ಬಡತನ ಅಂದರೇನೆಂದು ಗೊತ್ತಾಯಿತು.

ಹೆಂಗಸರು ತಾವೇ ಒಂದು ಉಪಾಯ ಕಂಡುಕೊಂಡಿದ್ದರು. ನೀರು ಕುಡಿಯುವುದನ್ನು ಬಿಟ್ಟರು. ಬೆಳಿಗ್ಗೆ ಕಾಫಿ ಬಿಟ್ಟರು. ಮಧ್ಯಾಹ್ನ ಮುದ್ದೆ ಗಂಟಲಲ್ಲಿ ನಿಂತರೂ ಸಾರಿನಲ್ಲೇ ಇಳಿಸಿದರು. ದಲಿತರ ಕಾಲೋನಿಯ ರಾಮಾಂಜಿನಮ್ಮ ಬೀರಕ್ಕನ ಜೊತೆ ಒಂದೇ ಹಾಸಿನ ಎರಡು ಬದಿಗೆ ಎದುರುಬದುರು ಕೂರುವವಳು. ಅವಳಿಗೆ ಉಚ್ಚೆಯಲ್ಲಿ ರಕ್ತ ಬಿದ್ದು ಆಸ್ಪತ್ರೆಗೆ ಹೋದರೆ, ಡಾಕ್ಟರಮ್ಮ ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿಯಲು ಬರೆದುಕೊಟ್ಟರು. ಆ ಚೀಟಿಯನ್ನು ಮಗ್ಗದ ಹಿಂದೆ ಕೂತು ಇಬ್ಬರೂ ಓದಿಸಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗುವಾಗಲೂ ತೊಡೆ ಬಿಗಿ ಹಿಡಿದೇ ನಗಬೇಕಾಯಿತು.

ಹೋದ ವರ್ಷದ ಬೇಸಗೆಯಲ್ಲಿ ಒಂದು ದಿನ ಬೀರಕ್ಕನ ಕೈಯಲ್ಲಿ ಆಗಲಿಲ್ಲ. ಮದುವೆ ಸೀರೆಯ ಹಾಸು, ಮೂರು ಸಾವಿರ ಎಳೆ ಮುಗಿದಿತ್ತು. ಏಳಲು ನೋಡಿದಳು, ಮರಗಟ್ಟಿದ ಕಾಲು ಏಳಲಿಲ್ಲ. ಕೂತಲ್ಲೇ ಆಗಿಹೋಯಿತು. ಐವತ್ತರ ಹತ್ತಿರದ ಹೆಂಗಸು, ಇಬ್ಬರು ಮಕ್ಕಳ ಮದುವೆ ಮಾಡಿದವಳು, ನೇಯುವ ಗಂಡಸರ ಮುಂದೆ ಸೀರೆ ಒದ್ದೆ ಮಾಡಿಕೊಂಡು ಕೂತಿದ್ದಳು. ಗೋವಿಂದಪ್ಪನ ಹೆಂಡತಿ ಬನಶಂಕರಮ್ಮ ಮೂಗಿಗೆ ಸೆರಗು ಹಿಡಿದು ಬಂದು, ಆ ಜಾಗಕ್ಕೆ ಗಂಜಲ ಹಾಕಿಸಿ ತೊಳೆಸಿದಳು. ಹೆಂಗಸಿನ ಉಚ್ಚೆ ಬಿದ್ದ ಜಾಗವನ್ನು ಹಸುವಿನ ಉಚ್ಚೆ ಹಾಕಿ ಶುದ್ಧ ಮಾಡಿದರು. ತೊಳೆದವಳೂ ಬೀರಕ್ಕನೇ.

ಮರುದಿನ ಅವಳು ಕೆಲಸಕ್ಕೆ ಹೋದಳು, ಆದರೆ ಒಳಗೆ ಹೋಗಲಿಲ್ಲ. ಗೇಟಿನ ಮುಂದೆ ಖಾಲಿ ಚೊಂಬು ಇಟ್ಟುಕೊಂಡು ಕೂತಳು. ರಾಮಾಂಜಿನಮ್ಮ ಬಂದು ಪಕ್ಕದಲ್ಲಿ ಕೂತಳು. ಮಧ್ಯಾಹ್ನದ ಹೊತ್ತಿಗೆ ಹನ್ನೆರಡು ಹೆಂಗಸರು, ಹನ್ನೆರಡು ಚೊಂಬು. ಊರು ಬಿದ್ದು ಬಿದ್ದು ನಕ್ಕಿತು. ಅವಳಿಗೆ ‘ಲೆಟ್ರಿನ್ ಬೀರಕ್ಕ’ ಎಂದು ಹೆಸರು ಬಿದ್ದದ್ದು ಆ ದಿನ.

ಮೂರನೇ ದಿನ ಪಕ್ಷ ಬಂತು. ಕಷ್ಟಜೀವಿಗಳ ಪಕ್ಷ, ಗುದ್ದಲಿ ಗುರುತು. ಬೀರಕ್ಕನ ಗಂಡ ಗಂಗುಲಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಹುಣಸೆಹಣ್ಣಿನ ಮೂಟೆ ಹೊರುವ ಹಮಾಲಿ, ಆ ಪಕ್ಷದ ಸಂಘದವನು. ಇಪ್ಪತ್ತು ವರ್ಷದಿಂದ ಗಂಡ ಹೆಂಡತಿ ಗುದ್ದಲಿಗೇ ಓಟು ಹಾಕುತ್ತಿದ್ದರು, ಗುದ್ದಲಿ ಇಪ್ಪತ್ತು ವರ್ಷದಿಂದ ಠೇವಣಿ ಕಳೆದುಕೊಳ್ಳುತ್ತಿತ್ತು. ಪಕ್ಷದ ಮುಂದಾಳು ದಯಾನಂದ್ ಲಾಯರು. ಕಾಲಿಗೆ ಹವಾಯಿ ಚಪ್ಪಲಿ, ಹೆಗಲಿಗೆ ಬಟ್ಟೆ ಚೀಲ. ಹೆಂಗಸರಿಗೆಲ್ಲ ಬಾವುಟ ಕೊಟ್ಟು, ಚೊಂಬಿನ ಪಕ್ಕದಲ್ಲಿ ತಾನೂ ನೆಲಕ್ಕೆ ಕೂತು, ಇದು ದುಡಿಯುವವರ ದೇಹದ ಮೇಲೆ ಬಂಡವಾಳ ನಡೆಸಿದ ದಾಳಿ ಎಂದು ಭಾಷಣ ಮಾಡಿದ. ಬೀರಕ್ಕ ಬೆರಗಾದಳು. ತಾನು ಸೀರೆ ಒದ್ದೆ ಮಾಡಿಕೊಂಡದ್ದರಲ್ಲಿ ಇಷ್ಟೆಲ್ಲ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ.

ಒಂಬತ್ತನೇ ದಿನ ಗೋವಿಂದಪ್ಪ ಒಪ್ಪಿಕೊಂಡ. ಹಿತ್ತಲಲ್ಲಿ ಲೆಟ್ರಿನ್ ಕಟ್ಟಿಸುತ್ತೇನೆಂದು ಎಲ್ಲರ ಮುಂದೆ ಗುಂಡಿ ತೋಡಿಸಿದ. ಹೆಂಗಸರು ಮಗ್ಗಕ್ಕೆ ವಾಪಸಾದರು. ಗುಂಡಿ ಗುಂಡಿಯಾಗಿಯೇ ಉಳಿಯಿತು. ಬೀರಕ್ಕನಿಗೆ ಅದನ್ನು ವಿಚಾರಿಸಲು ಪುರುಸೊತ್ತಾಗಲಿಲ್ಲ. ಅವಳು ಚಿಲಮತ್ತೂರು, ಲೇಪಾಕ್ಷಿ ಎಂದು ಸಭೆಗಳಿಗೆ ಹೋಗಿ ಹಾರ ಹಾಕಿಸಿಕೊಳ್ಳುತ್ತಿದ್ದಳು. ‘ನಮ್ಮ ಹೋರಾಟದ ತಾಯಿ’ ಎಂದು ಮೈಕಿನಲ್ಲಿ ಕೂಗಿದಾಗ ಮೊದಲ ಸಲ ನಾಚಿಕೆಯಾಯಿತು. ಎರಡನೇ ಸಲ ಆಗಲಿಲ್ಲ. ಮೂರನೇ ಸಲ ಕೂಗುವುದು ಮರೆತರು, ಅವಳಿಗೆ ಬೇಜಾರಾಯಿತು.

ಈ ವರ್ಷ ಮುನಿಸಿಪಲ್ ಎಲೆಕ್ಷನ್ ಬಂತು. ಪಕ್ಷ ಅವಳನ್ನು ಕಲ್ಯಾಣದುರ್ಗಕ್ಕೆ ಕರೆಸಿತು. ಸರ್ಕಾರ ಜಿಲ್ಲೆಯನ್ನು ಎರಡು ಮಾಡಿದ್ದರೂ ಪಕ್ಷದಲ್ಲಿ ಎರಡು ಆಫೀಸಿಗಾಗುವಷ್ಟು ಜನರಿರಲಿಲ್ಲ. ಎರಡು ಜಿಲ್ಲೆಗೂ ಕಲ್ಯಾಣದುರ್ಗದ ಟಯರ್ ಅಂಗಡಿಯ ಮೇಲಿನ ಒಂದು ರೂಮೇ ಗತಿ. ಬೀರಕ್ಕ ಮಡಕಶಿರಾ, ಪಾವಗಡದ ಮೇಲೆ ಬಸ್ಸು ಬದಲಿಸಿ ಬದಲಿಸಿ ಹೋಗಿ ಮುಟ್ಟಿದಳು. ರೂಮಿನಲ್ಲಿ ದಯಾನಂದ್ ಇದ್ದ. ಪಕ್ಷದ ಹಿರಿಯ ಪಾಪಯ್ಯ ಒಂದು ಹಾಳೆ ಹಿಡಿದು ಕೂತಿದ್ದ.

“ನಿಮ್ಮ ವಾರ್ಡು ಬಿ.ಸಿ., ಹಿಂದುಳಿದ ಜಾತಿ ಹೆಂಗಸರಿಗೆ ಬಂದೈತೆ ಬೀರಕ್ಕಾ,” ಎಂದ ದಯಾನಂದ್. “ನಿಮ್ಮನ್ನೇ ನಿಲ್ಸೋದು ಅಂತ ಪಾರ್ಟಿ ತೀರ್ಮಾನ ಮಾಡೈತೆ.”

ಬೀರಕ್ಕನ ಎದೆ ಉಬ್ಬಿತು. “ನಮ್ಮ ಹೋರಾಟ ನೋಡಿ ಅಲ್ವಾ ಸಾರ್?”

ದಯಾನಂದ್ ಹೌದೆನ್ನುವಷ್ಟರಲ್ಲಿ ಪಾಪಯ್ಯ ಹಾಳೆ ನೋಡಿಕೊಂಡು ಓದತೊಡಗಿದ. “ಕುರುಬರು ಆರ್ನೂರ ನಲವತ್ತು. ನೇಕಾರರು ಎಂಟ್ನೂರು. ಸಾಯಿಬರು ನಾನ್ನೂರು. ಕಾಲೋನಿ ಮುನ್ನೂರು, ಅದು ಹೆಂಗೂ ನಮ್ದೇ. ಕುರುಬರ ಓಟು ಪೂರ್ತಿ ಬಿದ್ದು, ನೇಕಾರರಾಗೆ ಕಾಲುಭಾಗ ಬಂದ್ರೆ ಗೆದ್ವಿ. ಅಂತೇ ಕದಾ, ಅಷ್ಟೇ ಅಲ್ವಾ.”

“ಪಾರ್ಟಿಗೆ ಜಾತಿ ಇಲ್ಲ ಅಂತಿದ್ರಲ್ಲಣ್ಣ.”

“ಪಾರ್ಟಿಗಿಲ್ಲಮ್ಮ. ಓಟಿಗೈತೆ.”

ಬೀರಕ್ಕನಿಗೆ ಒಂದು ಗಳಿಗೆ ಮುಖಕ್ಕೆ ಹೊಡೆದಂತಾಯಿತು. ತನ್ನನ್ನು ಕರೆಸಿದ್ದು ಚೊಂಬು ಹಿಡಿದು ಕೂತದ್ದಕ್ಕಲ್ಲ, ಹುಟ್ಟಿದ್ದಕ್ಕೆ. ಹುಟ್ಟುವಾಗ ಅವಳದೇನೂ ಹೋರಾಟವಿರಲಿಲ್ಲ, ಪಾಡುಪಟ್ಟವಳು ಅವ್ವ. ಆದರೆ ಟಿಕೆಟು ಸಿಕ್ಕ ಖುಷಿಯ ಮುಂದೆ ಈ ಬೇಜಾರು ನಿಲ್ಲಲಿಲ್ಲ. ಬಂದ ಸೀಟಿಗೆ ಕಾರಣ ಕೇಳಬಾರದು ಎಂದುಕೊಂಡಳು.

ಪ್ರಚಾರದ ಕರಪತ್ರ ಕೊಟ್ಟರು. ಅವಳಿಗೆ ತೆಲುಗು ಅಕ್ಷರ ಒಂದೊಂದಾಗಿ ಓದಲು ಬರುತ್ತಿತ್ತು. ಹತ್ತು ಅಂಶಗಳ ಮೇಲೆ ಬೆರಳಿಟ್ಟು ಇಳಿದಳು. ರಸ್ತೆ ಇತ್ತು, ಲೈಟು ಇತ್ತು, ಪಾರ್ಕಿತ್ತು. ಲೆಟ್ರಿನ್ ಇರಲಿಲ್ಲ.

“ನಮ್ದು ಬಿಟ್ಟೋಗೈತೆ ಸಾರ್.”

“ಏಳನೇದು ನೋಡಿ ಅಕ್ಕಾ. ಮಹಿಳಾ ಗೌರವ. ಅದರಾಗೇ ಬತ್ತದೆ.”

“ಗೌರವದಾಗೆ ಉಚ್ಚೆ ಹುಯ್ಯಕ್ಕಾಯ್ತದಾ ಸಾರ್?”

ಇಬ್ಬರೂ ಜೋರಾಗಿ ನಕ್ಕರು. ಬೀರಕ್ಕನೂ ನಕ್ಕಳು. ಆ ನಗುವಿನಲ್ಲೇ ಮಾತು ಮುಗಿದುಹೋಯಿತು. ತನ್ನ ಮಾತನ್ನು ತಾನೇ ನಕ್ಕು ಮುಳುಗಿಸಿದೆನೆಂದು ಅವಳಿಗೆ ತಿಳಿದದ್ದು ಬಸ್ಟ್ಯಾಂಡಿನ ದಾರಿಯಲ್ಲಿ.

ದಯಾನಂದ್ ಅವಳನ್ನು ಬಸ್ಸು ಹತ್ತಿಸಲು ಬಂದಿದ್ದ. ಅವನು ಕೆಟ್ಟವನಲ್ಲ. ಬಡವರ ಕೇಸಿಗೆ ಫೀಸು ಕೇಳದವನು, ಎರಡು ಸಲ ಜೈಲು ಕಂಡವನು. “ಅಕ್ಕಾ, ಲೆಟ್ರಿನ್ ಅಂತ ಅಚ್ಚು ಹಾಕಿಸಿದ್ರೆ ಮಗ್ಗದ ಮನೆಯವರು ಒಬ್ಬರೂ ಓಟು ಹಾಕಲ್ಲ,” ಎಂದ. “ಮೂವತ್ತು ವರ್ಷ ಸತ್ಯ ಹೇಳಿ ಹೇಳಿ ಸೋತಿದೀನಿ. ನಮ್ಮಪ್ಪ ಸಾಯೋವಾಗ ಕೇಳ್ದ, ಒಂದ್ಸಲನಾದ್ರೂ ಗೆದ್ಯೇನ್ಲಾ ಅಂತ. ಒಂದೇ ಒಂದ್ಸಲ ಗೆಲ್ಲೋಣ. ಗೆದ್ಮೇಲೆ ಒಂದಲ್ಲ, ನೂರು ಕಟ್ಟಿಸೋಣ.”

ಅವನ ಕಣ್ಣು ಒದ್ದೆಯಾಗಿತ್ತು. ಸಿದ್ಧಾಂತ ಎನ್ನುವ ಮಾತನ್ನು ಬೀರಕ್ಕ ಸಭೆಗಳಲ್ಲಿ ನೂರು ಸಲ ಕೇಳಿದ್ದಳು. ಅದು ದೊಡ್ಡವರ ಮನೆಯ ಬೀಗರಿದ್ದಂತೆ, ಹೆಸರು ಕೇಳಿದ್ದಳೇ ಹೊರತು ಮುಖ ನೋಡಿರಲಿಲ್ಲ. ಇವರೇ ಅದನ್ನು ಸ್ವಲ್ಪ ದಿನ ಒಳಗಿಡೋಣ ಎನ್ನುವಾಗ ತನ್ನದೇನು ಹೋಯಿತು ಎಂದುಕೊಂಡು ತಲೆ ಆಡಿಸಿದಳು.

ನಾಮಿನೇಷನ್ ಹಾಕಿದ ದಿನ ಅವಳ ಬೀದಿಯಲ್ಲಿ ಫ್ಲೆಕ್ಸ್ ಎದ್ದಿತು. ರೇಷ್ಮೆ ಸೀರೆ, ಹೆಗಲಿಗೆ ಕಂಬಳಿ, ಕೈ ಮುಗಿದ ಬೀರಕ್ಕ. ಸೀರೆ ದಯಾನಂದನ ಹೆಂಡತಿಯದು. ಕಂಬಳಿ ಹೊದೆಸಿದ್ದು ಆರ್ನೂರ ನಲವತ್ತು ಓಟಿಗೆ. ಗಂಗುಲಪ್ಪ ಬೀಡಿ ಹಚ್ಚಿಕೊಂಡು ಬಹಳ ಹೊತ್ತು ನೋಡಿದ.

“ಮೂವತ್ತು ವರ್ಷ ಆತು ನೋಡ್ತಾ ಇದೀನಿ. ಈ ಬಿಳುಪು ಎಲ್ಲಿ ಇಟ್ಟಿದ್ಯೇ?”

“ಗೆದ್ಮೇಲೆ ಹೇಳ್ತೀನಿ ಕಣಪ್ಪ, ಸುಮ್ಕಿರು.”

ಆ ದಿನ ಅವಳು ಬೇಕಿಲ್ಲದಿದ್ದರೂ ನಾಲ್ಕು ಸಲ ಅಂಗಡಿಗೆ ಹೋದಳು. ಫ್ಲೆಕ್ಸ್ ಅದೇ ದಾರಿಯಲ್ಲಿತ್ತು.

ಪಕ್ಷದ ಬಿ-ಫಾರಂ ಕೊಡುವ ಗಡುವು ಮಧ್ಯಾಹ್ನ ಮೂರು ಗಂಟೆ. ಅದರ ಹಿಂದಿನ ದಿನ ದಯಾನಂದ್ ಅವಳನ್ನು ಗೋವಿಂದಪ್ಪನ ಮನೆಗೆ ಕರೆದುಕೊಂಡು ಹೊರಟ. ಗೋವಿಂದಪ್ಪ ಹೇಳಿದರೆ ನೇಕಾರರ ಇನ್ನೂರು ಓಟು ಬೀಳುತ್ತವೆ. ಒಂದು ಸಲ ಕೈ ಮುಗಿದು ಬಂದರೆ ಸಾಕು ಎಂದ. ಬಿ-ಫಾರಂ ಅವನ ಬಟ್ಟೆ ಚೀಲದಲ್ಲಿತ್ತು. ಬೆಳಿಗ್ಗೆಯಿಂದ ಬೀರಕ್ಕ ಮೂವತ್ತು ಮನೆ ಸುತ್ತಿದ್ದಳು. ಕ್ಯಾಂಡಿಡೇಟ್ ಆದವಳು ಕೊಟ್ಟದ್ದನ್ನು ಬೇಡವೆನ್ನಬಾರದು. ಮಜ್ಜಿಗೆ, ಸೋಡಾ, ಕಾಫಿ, ಮತ್ತೆ ಮಜ್ಜಿಗೆ. ಹಾಸು ಜೋಡಿಸುವವಳ ಹೊಟ್ಟೆಗೆ ಅಷ್ಟು ನೀರಿನ ಅಭ್ಯಾಸವಿರಲಿಲ್ಲ.

ಇಪ್ಪತ್ತೆರಡು ವರ್ಷ ಹಿತ್ತಲ ಬಾಗಿಲಿನಿಂದ ಹೋದ ಮನೆಗೆ ಮೊದಲ ಸಲ ಮುಂಬಾಗಿಲಿನಿಂದ ಹೋದಳು. “ಬನ್ನಿ ಅಕ್ಕಾ, ಬನ್ನಿ,” ಎಂದ ಗೋವಿಂದಪ್ಪ. ನಿನ್ನೆಯವರೆಗೆ ‘ಏನೇ’ ಎಂದವನು. ಸೋಫಾದಲ್ಲಿ ಕೂರಿಸಿದರು, ಶಾಲು ಹೊದೆಸಿದರು, ಮತ್ತೆ ಕಾಫಿ ಕೊಟ್ಟರು. ಬೀರಕ್ಕ ಸೋಫಾದ ಅಂಚಿನಲ್ಲಿ ಕಾಲಿನ ಮೇಲೆ ಕಾಲು ಬಿಗಿದು ಕೂತಳು. ಬನಶಂಕರಮ್ಮ ಹೆಂಗಸು, ಅರ್ಥ ಮಾಡಿಕೊಂಡಳು.

“ಬಾತ್ರೂಮಿಗೆ ಹೋಯ್ತೀರೇನಕ್ಕಾ? ಬನ್ನಿ, ತೋರಿಸ್ತೀನಿ.”

ಬೀರಕ್ಕ ಹೋದಳು. ಒಂದು ಗಳಿಗೆಯೂ ಯೋಚಿಸಲಿಲ್ಲ. ಮುಂದೆ ಎಷ್ಟೋ ದಿನ ಅವಳು ತನ್ನನ್ನು ಹಂಗಿಸಿಕೊಂಡದ್ದು ಇದೇ ಮಾತಿಗೆ. ಒಳಗೆ ನೀಲಿ ಟೈಲ್ಸ್, ಕನ್ನಡಿ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂವು. ನಲ್ಲಿ ತಿರುಗಿಸಿದರೆ ನೀರು. ಚಿಲಕ ಹಾಕಿ ಕೂತಳು. ಮುಗಿದ ಮೇಲೂ ಸುಮ್ಮನೆ ಕೂತೇ ಇದ್ದಳು, ಅಷ್ಟು ಹಿತವಾಗಿತ್ತು. ಈ ಮನೆಯಲ್ಲಿ ಹೀಗೊಂದು ಜಾಗವಿಟ್ಟುಕೊಂಡು ಯಾರಾದರೂ ಸೋಫಾದಲ್ಲೇಕೆ ಕೂರುತ್ತಾರೆ ಎನಿಸಿತು. ಹೋರಾಟದ ತಾಯಿ ಸೋಪು ಹಚ್ಚಿ ಎರಡು ಸಲ ಕೈ ತೊಳೆದುಕೊಂಡಳು.

ಹೊರಗೆ ಬಂದರೆ ಎದುರಿಗೇ ಮಗ್ಗದ ಕೋಣೆಯ ಬಾಗಿಲು ತೆರೆದಿತ್ತು. ಮಗ್ಗದ ಹಿಂದೆ ರಾಮಾಂಜಿನಮ್ಮ ಕೂತಿದ್ದಳು. ಬೀರಕ್ಕ ಪ್ರಚಾರಕ್ಕೆ ಹೋದ ಮೇಲೆ ಇಬ್ಬರ ಕೆಲಸ ಅವಳೊಬ್ಬಳೇ ಮಾಡುತ್ತಿದ್ದಳು. ತುಟಿ ಒಣಗಿ ಬಿಳಿಚಿತ್ತು. ಮಡಚಿದ ಕಾಲು ಒಂದರ ಮೇಲೊಂದು ಬಿಗಿದಿತ್ತು. ಅವಳು ತಲೆಯೆತ್ತಿ ಬೀರಕ್ಕನನ್ನು ನೋಡಿದಳು, ಅವಳ ಹಿಂದಿದ್ದ ನೀಲಿ ಟೈಲ್ಸನ್ನು ನೋಡಿದಳು. ಆಮೇಲೆ ನಕ್ಕಳು. ಹೊಟ್ಟೆಕಿಚ್ಚಿನ ನಗುವಲ್ಲ. ನೀನಾದರೂ ಹೋಗಿ ಬಂದೆಯಲ್ಲ ಎನ್ನುವ ನಗು.

ಬೀರಕ್ಕನಿಗೆ ಮೈಯೆಲ್ಲ ಉರಿಯಿತು. ಗೋವಿಂದಪ್ಪನ ಮೇಲಲ್ಲ, ಮೊದಲು ತನ್ನ ಮೇಲೇ ಸಿಟ್ಟು ಬಂತು.

“ರಾಮಾಂಜಿನೀ, ಎದ್ದು ಬಾರೇ. ಹೋಗ್ಬುಟ್ಟು ಬಾ.”

ಬನಶಂಕರಮ್ಮ ಬಾಗಿಲಿಗೆ ಅಡ್ಡ ಬಂದಳು. “ಅಕ್ಕಾ, ನಿಮ್ಮ ಮಾತು ಬೇರೆ, ಅವಳ ಮಾತು ಬೇರೆ.”

“ನಾನು ಯಾವತ್ತಿಂದ ಬೇರೆ ಆದೆನಮ್ಮಾ? ಹೋದ ವರ್ಷ ನಾನು ಕುಂತ ಜಾಗಕ್ಕೆ ಗಂಜಲ ಹಾಕ್ಸಿದ್ರಿ. ಈಗ ಸೋಪು ಕೊಟ್ರಿ. ಈ ವರ್ಷ ನಂದು ಪನ್ನೀರಾ?”

ಗೋವಿಂದಪ್ಪ ಸೋಫಾದಿಂದ ಎದ್ದು ಬಂದ. “ಹಾಸು ಅರ್ಧದಾಗೈತೆ. ಅವಳು ಎದ್ರೆ ಎಳೆ ತಪ್ತದೆ. ನಿನಗೆ ಗೊತ್ತಿಲ್ವಾ?”

ಅಕ್ಕ ಹೋಗಿ ನೀನು ಬಂದಿತ್ತು. “ಇಪ್ಪತ್ತೆರಡು ವರ್ಷದಿಂದ ಗೊತ್ತು ಸಾವ್ಕಾರಾ,” ಎಂದಳು ಬೀರಕ್ಕ. “ಎಳೆ ತಪ್ಪಿದ್ರೆ ನಾನೇ ಕುಂತು ಸರಿಮಾಡ್ತೀನಿ. ಅವಳ ಒಳಗೆ ಹರಿದ್ರೆ ಯಾರು ಸೇರಿಸ್ತಾರೆ?”

ರಾಮಾಂಜಿನಮ್ಮ ಹೆದರಿದಳು. “ಬ್ಯಾಡ ಬಿಡಕ್ಕಾ. ನಂಗೇನೂ ಅವಸರ ಇಲ್ಲ.” ಅಷ್ಟು ಹೇಳುವಾಗ ಅವಳ ಹಣೆಯಲ್ಲಿ ಬೆವರು ಇಳಿಯುತ್ತಿತ್ತು.

ದಯಾನಂದ್ ಬೀರಕ್ಕನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದ. “ಅಕ್ಕಾ, ನಾಳೆ ಮೂರು ಗಂಟೆ. ಅಷ್ಟೇ. ಈಗ ಒಂದು ಮಾತು ಸಾರಿ ಅನ್ಬುಡಿ.”

“ಹೋದ ವರ್ಷ ನೀವೇ ಅಂದ್ರಲ್ಲ ಸಾರ್. ದೇಹದ ಮೇಲೆ ದಾಳಿ ಅಂತ.”

“ಅದು ಹೋರಾಟ. ಇದು ಎಲೆಕ್ಷನ್.”

“ಅವಳ ದೇಹಕ್ಕೆ ಅದು ಗೊತ್ತಿಲ್ಲ ಸಾರ್.”

ದಯಾನಂದನ ದನಿ ಗಟ್ಟಿಯಾಯಿತು. “ನೀವು ಹಿಂಗೆ ಮಾಡಿದ್ರೆ ಪಾರ್ಟಿಗೆ ಬೇರೆ ದಾರಿ ಐತೆ. ಡಮ್ಮಿ ನಾಮಿನೇಷನ್ ಒಂದು ಹಾಕ್ಸಿದೀವಿ.” ಯಾರದೆಂದು ಅವನು ಹೇಳಲಿಲ್ಲ. ಬನಶಂಕರಮ್ಮ ಸೆರಗು ಸರಿಮಾಡಿಕೊಂಡು ಕಿಟಕಿಯ ಕಡೆ ನೋಡಿದಳು. ಬೀರಕ್ಕನಿಗೆ ಆ ನೋಟದಲ್ಲೇ ತಿಳಿಯಿತು. ನೇಕಾರರು ಎಂಟ್ನೂರು.

ಆಸೆ ಸುಳ್ಳಲ್ಲ. ಬೀರಕ್ಕನಿಗೆ ಆ ಫಾರಂ ಬೇಕಿತ್ತು. ಕೌನ್ಸಿಲ್ ಮೀಟಿಂಗಿನಲ್ಲಿ ಕುರ್ಚಿಯ ಮೇಲೆ ಕೂತದ್ದನ್ನು, ಎದ್ದು ನಿಂತು ಮಾತಾಡಿದ್ದನ್ನು, ಮೀಟಿಂಗಿಗೆ ಉಡುವ ಸೀರೆಯನ್ನು ಕೂಡ ಅವಳು ನೆನೆಸಿಕೊಂಡಿದ್ದಳು. ಅದೆಲ್ಲ ಕಣ್ಣೆದುರು ಬಂದು ಹೋಯಿತು. ಬಟ್ಟೆ ಚೀಲ ಕೈಯಳತೆಯಲ್ಲಿತ್ತು.

“ಫಾರಂ ನೀವೇ ಇಟ್ಕಳಿ ಸಾರ್,” ಎಂದಳು. ಹೋಗಿ ರಾಮಾಂಜಿನಮ್ಮನ ಕಂಕುಳಿಗೆ ಕೈ ಹಾಕಿ ಎಬ್ಬಿಸಿದಳು. ಬನಶಂಕರಮ್ಮ ಬಾತ್ರೂಮಿನ ಬಾಗಿಲು ಎಳೆದು ಬೀಗ ಹಾಕಿದಳು. ರಾಮಾಂಜಿನಮ್ಮನ ಕಾಲು ನಿಲ್ಲುತ್ತಿರಲಿಲ್ಲ. ಹಿತ್ತಲ ಕಡೆ ತಿರುಗಿದವಳನ್ನು ಬೀರಕ್ಕ ಮುಂಬಾಗಿಲಿನಿಂದಲೇ ಹೊರಗೆ ತಂದಳು.

ಹೊರಗೆ ತಂದಿದ್ದೇನೋ ಸರಿ, ಮುಂದೆ ಎಲ್ಲಿಗೆ? ಪಕ್ಕದ ಕಲ್ಯಾಣ ಮಂಟಪದಲ್ಲಿ ಮದುವೆ ನಡೆಯುತ್ತಿತ್ತು. ಹೆಗಲ ಮೇಲೆ ಸಾವುಕಾರನ ಶಾಲು ಇನ್ನೂ ಇತ್ತು, ಅದರ ಧೈರ್ಯದ ಮೇಲೆ ನುಗ್ಗಿದಳು. ಪನ್ನೀರು ಚಿಮುಕಿಸುತ್ತಿದ್ದ ಹೆಂಗಸು ನಗುತ್ತಾ ಕೇಳಿದಳು, “ಗಂಡಿನ ಕಡೆಯೋರಾ, ಹೆಣ್ಣಿನ ಕಡೆಯೋರಾ?”

“ಉಚ್ಚೆ ಕಡೆಯೋರು ಕಣಮ್ಮ. ಎಲ್ಲೈತೆ?”

ರಾಮಾಂಜಿನಮ್ಮ ಹೊರಗೆ ಬರುವುದಕ್ಕೆ ಬಹಳ ಹೊತ್ತಾಯಿತು. ಬಂದವಳು ಗೋಡೆ ಹಿಡಿದು ನಿಂತು ಅತ್ತಳು. ನೋವಿಗೋ ನಿರಾಳಕ್ಕೋ ಬೀರಕ್ಕ ಕೇಳಲಿಲ್ಲ.

ಮರುದಿನ ಮೂರು ಗಂಟೆಗೆ ಬಿ-ಫಾರಂ ಬನಶಂಕರಮ್ಮನಿಗೆ ಹೋಯಿತು. ಫ್ಲೆಕ್ಸ್ ಇಳಿಸುವುದಕ್ಕೂ ಪುರುಸೊತ್ತಿಲ್ಲದೆ ಬೀರಕ್ಕನ ಮುಖದ ಮೇಲೆ ಬನಶಂಕರಮ್ಮನ ಮುಖ ಅಂಟಿಸಿದರು. ಕುತ್ತಿಗೆಯಿಂದ ಕೆಳಗೆ ಇನ್ನೂ ಬೀರಕ್ಕನೇ ಕೈ ಮುಗಿದು ಅವಳಿಗೆ ಓಟು ಕೇಳುತ್ತಿದ್ದಳು. ಇತ್ತ ನಾಮಿನೇಷನ್ ವಾಪಸು ತೆಗೆಯಬೇಕೆನ್ನುವುದು ಬೀರಕ್ಕನಿಗೆ ತಿಳಿಯದೆ, ಅವಳ ಹೆಸರು ಪಕ್ಷೇತರರ ಸಾಲಿನ ಕಡೆಯಲ್ಲಿ ಉಳಿದುಬಿಟ್ಟಿತು.

ಆದರೆ ಗೋವಿಂದಪ್ಪನ ಮಗ್ಗದ ಮೇಲೆ ಅರ್ಧ ಜೋಡಿಸಿದ ಹಾಸು ಹಾಗೆಯೇ ನೇತಾಡುತ್ತಿತ್ತು. ಹನ್ನೆರಡು ಹೆಂಗಸರಲ್ಲಿ ಒಬ್ಬರೂ ಹೋಗಲಿಲ್ಲ. ಬೇರೆ ಮನೆಗಳಿಂದ ಕರೆಸಿದರೆ ಅಲ್ಲಿಯವರೂ ಬರಲಿಲ್ಲ. ಮದುವೆ ಕಾಲ, ನಲವತ್ತು ಮಗ್ಗ ನಿಲ್ಲುವ ಹಾಗಾಯಿತು. ದಯಾನಂದ್ ಓಟು ಕೇಳಲು ಹೋದಾಗ ಕಾಲೋನಿಯವರು ರಾಮಾಂಜಿನಮ್ಮನನ್ನು ಮುಂದೆ ನಿಲ್ಲಿಸಿ, ಮೊದಲು ಇವಳಿಗೆ ಉತ್ತರ ಹೇಳಿ ಎಂದರು. ‘ಹೆಂಗೂ ನಮ್ದೇ’ ಎಂದಿದ್ದ ಮುನ್ನೂರು ಓಟು ಅಲುಗಾಡಿದವು. ಹೋರಾಟಕ್ಕೆ ಆಗದ ಕೆಲಸ ಹೆದರಿಕೆಗೆ ಆಯಿತು. ಐದೇ ದಿನದಲ್ಲಿ ಗುಂಡಿಯ ಮೇಲೆ ಗೋಡೆ ಎದ್ದಿತು, ತಗಡಿನ ಬಾಗಿಲು ಬಂತು, ದಯಾನಂದ್ ಬಂದು ರಿಬ್ಬನ್ ಕತ್ತರಿಸಿದ. ಗೋಡೆಗೆ ಕಲ್ಲು ಕೂರಿಸಿದರು: ಮಹಿಳಾ ಗೌರವ ಭವನ. ಕೆಳಗೆ ದಯಾನಂದನ ಹೆಸರು, ಬನಶಂಕರಮ್ಮನ ಹೆಸರು. ಹೆಂಗಸರು ಹಾಸು ಜೋಡಿಸಲು ವಾಪಸಾದರು, ನೀರು ಕುಡಿಯಲು ಶುರುಮಾಡಿದರು. ಕರೆಯದಿದ್ದರೂ ಬೀರಕ್ಕನೂ ಹೋಗಿ ತನ್ನ ಜಾಗದಲ್ಲಿ ಕೂತಳು. ಅವಳಷ್ಟು ಬೇಗ ಹೊಸೆಯುವ ಬೆರಳು ಗೋವಿಂದಪ್ಪನಿಗೆ ಬೇರೆ ಸಿಗುತ್ತಿರಲಿಲ್ಲ.

ಓಟಿನ ದಿನ ಬೀರಕ್ಕ ಪರದೆಯ ಹಿಂದೆ ಹೋದಳು. ಪಟ್ಟಿಯ ಕಡೆಯಲ್ಲಿ ತನ್ನ ಹೆಸರು ನೋಡಿ ಸಂತೋಷಪಟ್ಟಳು. ಇಪ್ಪತ್ತು ವರ್ಷದ ಅಭ್ಯಾಸ ಬಿದ್ದ ಕೈ ತಾನಾಗಿಯೇ ಗುದ್ದಲಿಗೆ ಹೋಗಿ ಓಟು ಒತ್ತಿ ಬಂತು. ಹೊರಗೆ ಬಂದ ಮೇಲೆ ನೆನಪಾಯಿತು. ಎಣಿಕೆಯಲ್ಲಿ ಬನಶಂಕರಮ್ಮ ಎಪ್ಪತ್ತೊಂದು ಓಟಿನಲ್ಲಿ ಗೆದ್ದಳು. ಬೀರಕ್ಕನಿಗೆ ಬಿದ್ದದ್ದು ಹತ್ತೊಂಬತ್ತು. ತಾನು ಅವಳಿಗೇ ಹಾಕಿದೆನೆಂದು ಗಂಗುಲಪ್ಪ ಆಣೆ ಮಾಡಿದ. ತನ್ನ ಓಟೇ ತನಗೆ ಬೀಳದಿದ್ದವಳು ಗಂಡನ ಮೇಲೆ ಯಾವ ಬಾಯಲ್ಲಿ ಅನುಮಾನ ಪಡುವುದು? ಪಕ್ಷ ಕೊನೆಗೂ ಒಂದು ಸೀಟು ಗೆದ್ದಿತ್ತು. ದಯಾನಂದ್ ಮೆರವಣಿಗೆಯಲ್ಲಿ ಮಗುವಿನಂತೆ ಅತ್ತ.

ಎಣಿಕೆಯಾದ ಮೂರನೇ ದಿನ ಮಧ್ಯಾಹ್ನ ರಾಮಾಂಜಿನಮ್ಮ ಹಿತ್ತಲಿಗೆ ಹೋದವಳು ಹಾಗೆಯೇ ವಾಪಸು ಬಂದಳು. ತಗಡಿನ ಬಾಗಿಲಿಗೆ ಬೀಗ ಬಿದ್ದಿತ್ತು. ಹೆಂಗಸರೆಲ್ಲ ಎದ್ದು ಹೋಗಿ ನಿಂತರು. ಬನಶಂಕರಮ್ಮ ಮಹಡಿಯಿಂದಲೇ ಹೇಳಿದಳು, “ಇನ್ಮೇಲೆ ಇದು ಕೌನ್ಸಿಲರ್ ಮನೆ. ದಿನಾ ಜನ ಬತ್ತಾರೆ, ಹೋಯ್ತಾರೆ. ಅವರಿಗೆ ಬೇಕು.”

ಬೀರಕ್ಕ ದಯಾನಂದನಿಗೆ ಫೋನು ಮಾಡಿದಳು. ಅವನು ತಕ್ಷಣ ಎತ್ತಿದ. “ಚೇರ್ಮನ್ ಎಲೆಕ್ಷನ್ ಒಂದು ಮುಗೀಲಿ ಅಕ್ಕಾ. ನಮ್ಮ ಒಂದು ಓಟಿನ ಮೇಲೆ ಎಲ್ಲಾ ನಿಂತೈತೆ. ಒಂದು ವಾರ ತಡ್ಕೊಳಿ.”

ತಡ್ಕೊಳಿ. ಬೀರಕ್ಕ ಫೋನನ್ನು ಸೊಂಟಕ್ಕೆ ಸಿಕ್ಕಿಸಿದಳು. ಹಿತ್ತಲಲ್ಲಿ ಬಿದ್ದಿದ್ದ ಒಂದು ದಪ್ಪ ಕಲ್ಲು ಎತ್ತಿಕೊಂಡಳು. ಮೊದಲ ಏಟು ಗುರಿ ತಪ್ಪಿ ಗೋಡೆಯ ಕಲ್ಲಿಗೆ ಬಿತ್ತು, ದಯಾನಂದನ ಹೆಸರಿನ ಮೂಲೆ ಹಾರಿಹೋಯಿತು. ಅದು ಬೇಕೆಂದು ಹೊಡೆದದ್ದಲ್ಲವೆಂದು ಅವಳು ಮುಂದೆ ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಎರಡನೆಯದು ಚಿಲಕಕ್ಕೆ ಬಿತ್ತು. ಮೂರನೆಯದಕ್ಕೆ ಬೀಗ ಬಾಯಿಬಿಟ್ಟಿತು.

“ಪೊಲೀಸ್ ಕರೀತೀನಿ,” ಎಂದು ಗೋವಿಂದಪ್ಪ ಓಡಿ ಬಂದ.

“ಕರೀ ಸಾವ್ಕಾರಾ. ಅವರು ಬರೋ ಹೊತ್ಗೆ ನಮ್ಮದು ಮುಗಿದಿರ್ತದೆ.”

ರಾಮಾಂಜಿನಮ್ಮ ಮೊದಲು ಒಳಗೆ ಹೋದಳು. ಚಿಲಕ ಮುರಿದಿದ್ದರಿಂದ ಇಬ್ಬರು ಬಾಗಿಲು ಹಿಡಿದು ನಿಂತರು. ಉಳಿದವರು ಒಬ್ಬರ ಹಿಂದೊಬ್ಬರು ಸಾಲು ಹಚ್ಚಿದರು. ಗೋವಿಂದಪ್ಪ ಬೈಯುತ್ತಲೇ ಇದ್ದ. ಮಗ್ಗದ ಗಂಡಸರು ಹೊರಗೆ ಬಂದು ನೋಡಿ ಒಳಗೆ ಹೋದರು. ನೀನು ಮುಂದೆ ಬಾರಕ್ಕಾ ಎಂದು ಯಾರೋ ಜಾಗ ಬಿಟ್ಟರು.

ಬೀರಕ್ಕ ಕಲ್ಲನ್ನು ಕೆಳಗಿಟ್ಟು ಸಾಲಿನ ಕೊನೆಗೆ ಹೋಗಿ ನಿಂತಳು. ಅವಳಿಗೂ ಬಹಳ ಅವಸರವಾಗಿತ್ತು.